ಅಪ್ಪ ಅಮ್ಮನ ಜೊತೆ ಲೇಕ್ ಎಂಬುರೊ: ಸಾಕಾ, ಬೇಡವಾ?

ಮೇಡಂ, ಮೈಸೂರಿಂದ ಬರುವ ಅಪ್ಪ ಅಮ್ಮನನ್ನು ವಾರಾಂತ್ಯಕ್ಕೆ ಉಗಾಂಡದ ರಾಜಧಾನಿ ಕಂಪಾಲಾದಿಂದ ಲೇಕ್ ಎಂಬುರೊ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋದರೆ ಸಾಕಾ, ಇಲ್ಲ ಅಲ್ಲಿನ ದೊಡ್ಡ ಪಾರ್ಕ್ ಮರ್ಚಿಸನ್ ಫಾಲ್ಸ್‌ಗೇ ಹೋಗಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎಂಬುರೊ ಸಾಕು. ಆದರೆ ಆನೆ, ಸಿಂಹದ ಆಸೆ ಬಿಡಬೇಕು. ಅಲ್ಲಿ ಆನೆ ಇಲ್ಲ. ಸಿಂಹಗಳನ್ನು ದನ ಸಾಕುವವರು ಹಿಂದೆಯೇ ವಿಷ ಹಾಕಿ ಮುಗಿಸಿದರು. ಆನೆ ಬೇಕಿದ್ದರೆ ನಿಮ್ಮ ಅಪ್ಪನಿಗೆ ನಾಗರಹೊಳೆ ಇದ್ದೇ ಇದೆ ಅಲ್ವಾ!

ಪಾರ್ಕ್ ಸುಮಾರು 370 ಚದರ ಕಿ.ಮೀ., ಅಷ್ಟೇ. ಜೀಬ್ರಾ ಧಾರಾಳ, ಜಿಂಕೆಯಂಥ ಇಂಪಾಲ ಇನ್ನೂ ಜಾಸ್ತಿ. 2015ರಲ್ಲಿ ಮರ್ಚಿಸನ್‌ನಿಂದ ತಂದು ಬಿಟ್ಟ ಜಿರಾಫೆಗಳೂ ಇವೆ. ನನಗೆ ಇಷ್ಟವಾದದ್ದು ಮಾತ್ರ ಈಲ್ಯಾಂಡ್ ಎಂಬ ಭಾರಿ ಹುಲ್ಲೆ. ದೊಡ್ಡ ಗಂಡು 900 ಕಿಲೋವರೆಗೂ ತೂಗುತ್ತದೆ, ಕೊರಳ ಕೆಳಗೆ ನಮ್ಮ ಎತ್ತಿನ ಹಾಗೇ ಗಂಗೆದೊಗಲು ಜೋತಾಡುತ್ತದೆ. ಬಲು ಪುಕ್ಕಲು, ಕಾರು ಕಂಡರೆ ದೂರ ಹೋಗುತ್ತದೆ. ಇಂಜಿನ್ ಆಫ್ ಮಾಡಿ ಸುಮ್ನೆ ಕೂತಿರಿ. ಹತ್ತಿರ ಹಾದುಹೋದರೆ ಒಂದೊಂದು ಹೆಜ್ಜೆಗೂ ಕಾಲಿನಿಂದ ಚಟ್, ಚಟ್ ಅಂತ ಸದ್ದು ಬರುತ್ತದೆ, ಬೆರಳು ನೆಟಿಕೆ ತೆಗೆದ ಹಾಗೆ. ಮಾತಾಡುತ್ತಾ ಕೂತರೆ ಇದು ಕೇಳಿಸುವುದಿಲ್ಲ.

ಇಲ್ಲಿ ಬಂದೂಕು ಹಿಡಿದ ರೇಂಜರ್ ಜೊತೆ ನಡೆದುಕೊಂಡೂ ಹೋಗಬಹುದು. ಅಮ್ಮನಿಗೆ ಮಂಡಿ ನೋವಿದೆ ಅಂದಿರಿ, ಮೊದಲೇ ಹೇಳಿದರೆ ಸಣ್ಣ ಸುತ್ತು ಹಾಕಿಸುತ್ತಾರೆ. ಅದೂ ಆಗದಿದ್ದರೆ ದೋಣಿ ಸಾಕು. ನೀರಾನೆ ಮುಳುಗಿದ್ದರೂ ಕಿವಿ, ಕಣ್ಣು, ಮೂಗಿನ ಹೊಳ್ಳೆ ಮಾತ್ರ ಮೇಲೆ ಇರುತ್ತದೆ. ಉಸಿರು ಬಿಟ್ಟಾಗ ನೀರು ಚಿಮ್ಮುತ್ತದೆ, ನೋಡುತ್ತಾ ಇರಿ. ರಾತ್ರಿ ಅವು ಹುಲ್ಲು ಮೇಯಲು ದಡಕ್ಕೆ ಬರುತ್ತವೆ. ಕೆರೆ ಪಕ್ಕದ ಕ್ಯಾಂಪ್‌ನಲ್ಲಿ ಉಳಿದರೆ ಕತ್ತಲಾದ ಮೇಲೆ ಒಬ್ಬರೇ ಹೊರಗೆ ಓಡಾಡಬೇಡಿ, ನೀರಿಗೂ ನೀರಾನೆಗೂ ನಡುವೆ ನಿಲ್ಲಲೇಬೇಡಿ.

ಕಂಪಾಲಾದಿಂದ ಸುಮಾರು 240 ಕಿ.ಮೀ., ನಾಲ್ಕೈದು ಗಂಟೆ. ಬೆಳಕು ಹರಿಯುವ ಮುಂಚೆ ಹೊರಡಿ, ಇಲ್ಲದಿದ್ದರೆ ಊರು ದಾಟಲೇ ಹೊತ್ತಾಗುತ್ತದೆ. ದಾರಿಯಲ್ಲಿ ಕಯಾಬ್ವೆ ಎಂಬ ಊರಲ್ಲಿ ಸಮಭಾಜಕ ರೇಖೆ ಸಿಗುತ್ತದೆ, ಅಪ್ಪನಿಗೆ ಅಲ್ಲೊಂದು ಫೋಟೋ ತೆಗೆಯಿರಿ. ಕಂಪಾಲಾ ಕಡೆಯಿಂದ ಬರುವವರಿಗೆ ಪಾರ್ಕಿನ ನ್ಶಾರ ಗೇಟ್ ಹತ್ತಿರ. ಗೇಟ್‌ಗೆ ಮುಂಚೆ ಉದ್ದ ಕೊಂಬಿನ, ಅಂಕೋಲೆ ಎಂಬ ಅಲ್ಲಿನ ತಳಿಯ ದನಗಳ ಮಧ್ಯೆ ಜೀಬ್ರಾ ಮೇಯುತ್ತಿರುವುದೂ ಕಾಣಬಹುದು, ಕ್ಯಾಮೆರಾ ಕೈಯಲ್ಲೇ ಇರಲಿ. ಟಿಕೆಟ್‌ಗೆ 24 ಗಂಟೆ ಲೆಕ್ಕ, ಒಳಗೆ ಹೋಗುವ ಸಮಯ ನೋಡಿಕೊಳ್ಳಿ. ನಿಮಗೆ ಅಲ್ಲಿ ವಾಸದ ಪರವಾನಗಿ ಇರುವುದರಿಂದ ದರ ಕಡಿಮೆ, ಕಾರ್ಡ್ ಜೊತೆಗಿರಲಿ.

ಜೂನ್‌ನಿಂದ ಆಗಸ್ಟ್, ಡಿಸೆಂಬರ್‌ನಿಂದ ಫೆಬ್ರವರಿ ಒಣ ಕಾಲ, ಪ್ರಾಣಿಗಳು ಕೆರೆಯ ಕಡೆ ಸೇರುತ್ತವೆ. ಕಡು ನೀಲಿ, ಕಪ್ಪು ಬಟ್ಟೆ ಬೇಡ, ತ್ಸೆತ್ಸೆ ನೊಣ ಆ ಬಣ್ಣಕ್ಕೇ ಬರುತ್ತದೆ. ಜೀನ್ಸ್ ಮೇಲೂ ಕಚ್ಚುತ್ತದೆ. ಊಟಕ್ಕೆ ಚಪಾತಿ, ಬೀನ್ಸ್, ಬೇಯಿಸಿದ ಬಾಳೆಕಾಯಿಯ ಮಟೋಕೆ ಸಿಗುತ್ತದೆ. 'ರೋಲೆಕ್ಸ್' ಅಂದರೆ ಮೊಟ್ಟೆ ಸುತ್ತಿದ ಚಪಾತಿ, ಅಮ್ಮನಿಗೆ ಹೇಳಿಬಿಡಿ.

ಇನ್ನೊಂದು ಮುಖ್ಯ. ಹಳದಿ ಜ್ವರದ ಲಸಿಕೆ ಕಾರ್ಡ್ ಉಗಾಂಡಕ್ಕೂ ಬೇಕು, ವಾಪಸ್ ಭಾರತಕ್ಕೆ ಇಳಿಯುವಾಗಲೂ ಕೇಳುತ್ತಾರೆ. ಹಾಕಿಸಿಕೊಂಡ 10 ದಿನದ ನಂತರವೇ ಅದು ಚಾಲ್ತಿಗೆ ಬರುತ್ತದೆ. 60 ದಾಟಿದವರು ಮೊದಲು ಡಾಕ್ಟರನ್ನು ಕೇಳಬೇಕು. ಟಿಕೆಟ್ ಬುಕ್ ಮಾಡುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಲಿ, ಮಲೇರಿಯಾ ಮಾತ್ರೆಯ ವಿಷಯವನ್ನೂ ಆಗಲೇ ಕೇಳಲಿ.