ವೈದ್ಯ ಗೆಳತಿಗೆ ಯುದ್ಧದ ನಡುವೆ ಸೇನೆಯಲ್ಲಿ ಬಡ್ತಿ ಸಿಕ್ಕಿದೆ. ಜೊತೆಗೆ ಓದಿದ ವೈದ್ಯನಾಗಿ ಅಭಿನಂದನೆಯಲ್ಲಿ ಏನು ಬರೆಯಲಿ? ಅವಳ ಶೌರ್ಯಕ್ಕೆ ತಕ್ಕ ಮಾತು ಬೇಕು.

ನಾನೂ ಇಂಥ ಮಾತು ಹುಡುಕಿದ್ದೆ, 1999ರ ಜುಲೈನಲ್ಲಿ. ಸಿಕ್ಕಿತ್ತು ಕೂಡ. ಅದೇ ನನ್ನ ತಪ್ಪು.

ಮೆಡಿಕಲ್ ಕಾಲೇಜಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಆರ್ಮಿ ಮೆಡಿಕಲ್ ಕೋರ್ ಸೇರಿದ್ದ. ಕಾರ್ಗಿಲ್ ಯುದ್ಧ ಶುರುವಾದಾಗ ಅವನು ಆ ಕಡೆಯೇ ಇದ್ದ. ಅವನ ಪತ್ರ ಬಂತು. ಊರಿನ ಹೆಸರಿಲ್ಲ, 56 ಎಪಿಒ (ಸೇನೆಯ ಅಂಚೆ ಕಚೇರಿ) ಅಂತ ಮಾತ್ರ ವಿಳಾಸ. ಎರಡು ಪುಟ. ಕೊನೆಯಲ್ಲಿ ಒಂದು ಸಾಲು: "ಅಂದ ಹಾಗೆ, ಮೇಜರ್ ಆದೆ."

ನಾನು ಆ ಒಂದು ಸಾಲಿಗೆ ಉತ್ತರ ಬರೆದೆ. ಪುಟಗಟ್ಟಲೆ. ಕ್ಯಾಪ್ಟನ್‌ನ ಮೂರು ನಕ್ಷತ್ರ ಹೋಗಿ ಹೆಗಲ ಮೇಲೆ ಮೇಜರ್‌ನ ಸಿಂಹ ಲಾಂಛನ ಬಂತು, ದೇಶವೇ ನಿನ್ನ ಕಡೆ ನೋಡ್ತಿದೆ, ಯುದ್ಧ ನಿನಗೆ ಅದೃಷ್ಟ ತಂತು ಅಂತೆಲ್ಲ. ಮನಸಾರೆ ಬರೆದದ್ದು. ಬರೆದು ನನ್ನ ಹೆಂಡತಿಗೂ ಓದಿ ಹೇಳಿದ್ದೆ.

ಮೇಲಿನ ಎರಡು ಪುಟದಲ್ಲಿ ಏನಿತ್ತು ಗೊತ್ತಾ? ಒಂದು ರಾತ್ರಿ ಇಬ್ಬರು ಗಾಯಾಳುಗಳು, ಒಂದೇ ಗಾಡಿ. ಮೋಡ ಕವಿದು ಹೆಲಿಕಾಪ್ಟರ್ ಬರುವ ಹಾಗಿಲ್ಲ, ರಸ್ತೆಯ ಮೇಲೆ ಶೆಲ್ ಬೀಳುತ್ತಿದೆ. ಒಬ್ಬನಿಗೆ ಹೊಟ್ಟೆಯಲ್ಲಿ ಶೆಲ್ ಚೂರು, ಇನ್ನೊಬ್ಬನಿಗೆ ತೊಡೆ ಸೀಳಿದೆ. ಡ್ರಿಪ್ ಬಾಟಲಿ ತಣ್ಣಗಾಗದಿರಲಿ ಅಂತ ಒಬ್ಬ ಸಹಾಯಕ ಅದನ್ನು ಜಾಕೆಟ್ ಒಳಗೆ ಎದೆಗೆ ಒತ್ತಿಕೊಂಡು ಕೂತಿದ್ದನಂತೆ. ನನ್ನ ಗೆಳೆಯ ಹೊಟ್ಟೆಯ ಗಾಯದವನನ್ನು ಕಳಿಸಿ, ಇನ್ನೊಬ್ಬನನ್ನು ತನ್ನ ಬಳಿಯೇ ಇರಿಸಿಕೊಂಡ. ಬೆಳಗಾಗುವಷ್ಟರಲ್ಲಿ ಇರಿಸಿಕೊಂಡವನು ತೀರಿಹೋದ. ಕೆಳಗೆ ಬರೆದಿದ್ದ: "ನೀನಿದ್ದಿದ್ದರೆ ಏನು ಮಾಡ್ತಿದ್ದೆ?"

ಅದನ್ನು ನಾನು ಓದಿದ್ದೆ. ಓದದೆ ಬಿಟ್ಟಿದ್ದಲ್ಲ. ಖುಷಿಯ ಪತ್ರದಲ್ಲಿ ಸಾವಿನ ಮಾತು ಯಾಕೆ ಅಂತ ಬಿಟ್ಟೆ. ಅವನ ಮನಸ್ಸು ಬೇರೆ ಕಡೆ ಹೋಗಲಿ ಅಂದುಕೊಂಡೆ. ಒಬ್ಬ ವೈದ್ಯ ಇನ್ನೊಬ್ಬ ವೈದ್ಯನನ್ನು ಕೇಳಿದ ಪ್ರಶ್ನೆ ಅದು. ಅವನ ಅಪ್ಪನನ್ನು ಕೇಳುವ ಹಾಗಿರಲಿಲ್ಲ, ಜೊತೆಗಿದ್ದ ಅಧಿಕಾರಿಗಳನ್ನೂ ಕೇಳುವ ಹಾಗಿರಲಿಲ್ಲ. ಅವನಿಗೆ ಇದ್ದವನು ನಾನೊಬ್ಬ. ನಾನು ಸಿಂಹದ ಬಗ್ಗೆ ಬರೆದೆ.

ಎರಡು ವರ್ಷ ಅವನಿಂದ ಒಂದು ಅಕ್ಷರ ಬರಲಿಲ್ಲ. 2001ರಲ್ಲಿ ಒಂದು ಮದುವೆ ಮನೆಯಲ್ಲಿ ಸಿಕ್ಕ. "ಲೋ, ಮೇಲಿನ ಎರಡು ಪುಟ ನಿನಗೆ ಬಂದಿರಲಿಲ್ವಾ?" ಅಂತ ಕೇಳಿದ. ಆಗ ಹೇಳಿದೆ, ನಾನಿದ್ದಿದ್ದರೂ ಹೊಟ್ಟೆಯವನನ್ನೇ ಕಳಿಸ್ತಿದ್ದೆ, ಒಳಗಿನ ರಕ್ತಸ್ರಾವವನ್ನು ಅಲ್ಲಿ ನಿಲ್ಲಿಸೋಕೆ ಆಗ್ತಿರಲಿಲ್ಲ, ತೊಡೆಯನ್ನು ಕಟ್ಟಬಹುದಿತ್ತು ಅಂತ. ಅವನು ತುಂಬಾ ಹೊತ್ತು ತಲೆ ಆಡಿಸುತ್ತಾ ಕೂತ. ಎರಡು ವರ್ಷ ತಡವಾಗಿ ಬಂದ ಉತ್ತರ.

ಇನ್ನೊಂದು ವಿಷಯವನ್ನೂ ಅವನೇ ಹೇಳಿದ. ಮೇಜರ್ ಆಗಿದ್ದು ಸೇವೆಯ ವರ್ಷ ತುಂಬಿದ್ದಕ್ಕೆ. ಯುದ್ಧ ಕೊಟ್ಟ ಬಹುಮಾನ ಅಲ್ಲ. ನಮ್ಮ ಸೇನೆಯಲ್ಲಿ ಶೌರ್ಯಕ್ಕೆ ಸೇನಾ ಪದಕ, ವೀರ ಚಕ್ರ ಇವೆ. ಬಡ್ತಿಯ ದಾರಿ ಬೇರೆ. ಹಾಗಾಗಿ ನಿಮ್ಮ ಪ್ರಶ್ನೆಯ ಎರಡನೇ ಭಾಗವನ್ನು ನಾನು ಒಪ್ಪಲ್ಲ. ಅವಳ ಶೌರ್ಯಕ್ಕೆ ಮಾತು ಹುಡುಕಬೇಡಿ. ಅವಳು ಇಷ್ಟು ವರ್ಷ ದುಡಿದು ಆ ಸ್ಥಾನಕ್ಕೆ ಬಂದಳು, ಅದನ್ನು ಹೇಳಿ. ಎರಡು ಸಾಲು ಸಾಕು.

ಯುದ್ಧ ಮುಗಿಯಲಿ ಅಂತ ಕಾಯಲೂ ಬೇಡಿ. ಅವಳ ಫೋಟೋ, ಯೂನಿಟ್ ಹೆಸರು, ಇರುವ ಜಾಗ ಯಾವುದನ್ನೂ ಬ್ಯಾಚಿನ ಗ್ರೂಪಿಗೆ ಹಾಕಬೇಡಿ, ದಯವಿಟ್ಟು. ಅವಳಿಗೆ ಮಾತ್ರ ಬರೆಯಿರಿ.

ಬರೆಯುವ ಮುಂಚೆ ಅವಳು ಕಳಿಸಿದ ಮೆಸೇಜನ್ನು ಇನ್ನೊಮ್ಮೆ ತೆಗೆದು ನೋಡಿ. ಬಡ್ತಿಯ ಸುದ್ದಿಯ ಹಿಂದೆ ಮುಂದೆ ಇನ್ನೇನಾದರೂ ಬರೆದಿದ್ದಾಳಾ? ಯಾವುದಾದರೂ ಪೇಷಂಟ್ ವಿಷಯ, ನಿದ್ದೆ ಬರಲ್ಲ ಅನ್ನೋ ಮಾತು? ಇದ್ದರೆ ಮೊದಲು ಅದಕ್ಕೆ ಉತ್ತರ ಬರೆಯಿರಿ. ಇಲ್ಲದಿದ್ದರೆ "ಕೆಲಸ ಹೇಗಿದೆ, ಯಾವ ಕೇಸು ಕಾಡ್ತಿದೆ" ಅಂತ ನೀವೇ ಕೇಳಿ.