ರಿಯಾಜಿನ ಕೋಣೆ ಚೌಕವಾಗಿರಬಹುದೇ?

ಪ್ರಶ್ನೆ: ಧಾರವಾಡದಲ್ಲಿ ಮಣ್ಣಿನ ಇಟ್ಟಿಗೆಯ ಮನೆ ಕಟ್ಟಿಸುತ್ತಿದ್ದೇವೆ. ಹಾಡಿನ ರಿಯಾಜು (ಅಭ್ಯಾಸ) ಮಾಡಲು, ಚಿತ್ರಗಳನ್ನು ತೂಗುಹಾಕಲು 12×12 ಅಡಿಯ ಕೋಣೆ ಸಾಕೇ?

ಉತ್ತರ: ಜಾಗ ಸಾಕು, ಆದರೆ ಚೌಕ ಖಂಡಿತ ಬೇಡ. ಉದ್ದ, ಅಗಲ ಸಮವಾದರೆ ಅದೇ ಮಂದ್ರ (ತಗ್ಗು) ಸ್ವರಗಳು ಎರಡೂ ದಿಕ್ಕಿನಲ್ಲಿ ಅನುರಣಿಸಿ ಗುಂಯ್‌ಗುಡುತ್ತವೆ. 15×12 ಮಾಡಿ, ಎತ್ತರ 10 ಅಡಿ ಇರಲಿ. ಗೋಡೆ ಎದ್ದ ಮೇಲೆ ನಡುವೆ ನಿಂತು ಚಪ್ಪಾಳೆ ತಟ್ಟಿ. ‘ಟರ್ರ್’ ಎಂದು ಮರುದನಿ ಬಂದರೆ ಅದು ಎದುರುಬದುರಿನ ಬೋಳು ಗೋಡೆಗಳ ದೋಷ. ಒಂದು ಗೋಡೆಗೆ ಎರಡಿಂಚು ಅಂತರ ಬಿಟ್ಟು ದಪ್ಪ ಕೌದಿ ಇಳಿಬಿಡಿ. ಆದರೆ ನಾಲ್ಕೂ ಕಡೆ ಹೊದಿಸಿದರೆ ತಂಬೂರಿಯ ಝೇಂಕಾರವೇ ಸತ್ತುಹೋಗುತ್ತದೆ.

ಮುಂಗಾರಿನ ಇರಚಲು ಬಡಿಯುವ ಪಡುವಣ ಗೋಡೆಗೆ ಚಿತ್ರ ಬೇಡ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಒಳಗೋಡೆಗೇ ಹಾಕಿ, ಚೌಕಟ್ಟಿನ ಹಿಂದೆ ಗಾಳಿಯಾಡಲು ಅರ್ಧ ಇಂಚಿನ ಬೆಂಡಿನ ತುಂಡು ಅಂಟಿಸಿ. ಸೂರು ಎರಡೂವರೆ ಅಡಿ ಹೊರಚಾಚಿರಲಿ.