‘ನೀರ್ಜಾ’ ನೋಡಿದವರ ವಾದ-ವಿವಾದ: ನೀವು ಕೇಳಿದ್ದು, ನಾನು ಹೇಳೋದು

ಹೋದ ಸಂಚಿಕೆಯಲ್ಲಿ ಒಬ್ರು “ಒತ್ತೆಯಾಳುಗಳ ಕಥೆ ಇರೋ ಒಂದೊಳ್ಳೆ ಥ್ರಿಲ್ಲರ್ ಹೇಳಿ” ಅಂತ ಕೇಳಿದ್ರು, ನಾನು ಎರಡೇ ಸಾಲಲ್ಲಿ 2016ರ ಹಿಂದಿ ಸಿನಿಮಾ ‘ನೀರ್ಜಾ’ ನೋಡಿ ಅಂತ ಬರೆದು ಸುಮ್ಮನಾಗಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಅರ್ಧ ಜನ ಅತ್ತು ಬಂದ್ವಿ ಅಂತ ಬರ್ದಿದೀರಿ, ಇನ್ನರ್ಧ ಜನ ಇದೆಂಥ ಥ್ರಿಲ್ಲರ್ ಅಂತ ತರಾಟೆಗೆ ತಗೊಂಡಿದೀರಿ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಮಾತಾಡೋಣ.

“ಇದಕ್ಕ ಥ್ರಿಲ್ಲರ್ ಅಂತ ಹೆಂಗ ಅಂತೀರಿ ಸರ್? ಕಡೀಕ ಆಕಿ ಸಾಯ್ತಾಳ ಅಂತ ಮೊದಲ ಎಲ್ಲಾರಿಗೂ ಗೊತ್ತೈತಿ. ಗೊತ್ತಿದ್ದ ಕಥಿಯೊಳಗ ಥ್ರಿಲ್ ಎಲ್ಲಿಂದ ಬರ್ಬೇಕು?” – ಓದುಗರು, ಹುಬ್ಬಳ್ಳಿ

ಗೊತ್ತಿದೆ, ನಿಜ. 1986ರ ಸೆಪ್ಟೆಂಬರ್ 5ರ ಬೆಳಗ್ಗೆ ಮುಂಬೈಯಿಂದ ಹೊರಟು ಕರಾಚಿಯಲ್ಲಿ ಇಳಿದಿದ್ದ ಅಮೆರಿಕದ ಪ್ಯಾನ್ ಆಮ್ ಕಂಪನಿಯ ಫ್ಲೈಟ್ 73 ವಿಮಾನಕ್ಕೆ ಸೆಕ್ಯೂರಿಟಿಯವರ ವೇಷದಲ್ಲಿ ನಾಲ್ಕು ಜನ ಬಂದೂಕು ಹಿಡ್ಕೊಂಡು ನುಗ್ಗಿದ್ರು, ಒಳಗೆ 380ರ ಹತ್ತಿರ ಜನ, ಹೆಚ್ಚುಕಮ್ಮಿ 17 ಗಂಟೆ ಹಾಗೇ ಕೂತಿದ್ರು, ಕೊನೆಗೆ ಗುಂಡು ಹಾರಿ ಕನಿಷ್ಠ 20 ಜನ ಸತ್ರು, ಮಕ್ಕಳಿಗೆ ಅಡ್ಡ ನಿಂತ ಗಗನಸಖಿ ನೀರ್ಜಾ ಭಾನೋಟ್ ಕೂಡ ಅದ್ರಲ್ಲಿ ಒಬ್ಬಳು, ಇನ್ನೆರಡು ದಿನ ಕಳೆದಿದ್ರೆ ಅವಳಿಗೆ 23 ತುಂಬ್ತಿತ್ತು. ಇಷ್ಟನ್ನೂ ತಿಳ್ಕೊಂಡೇ ಟಿಕೆಟ್ ತಗೊಂಡಿರ್ತೀವಿ.

ಆದ್ರೂ ಪಾಸ್‌ಪೋರ್ಟ್ ಸೀನ್ ನೆನಪು ಮಾಡ್ಕೊಳ್ಳಿ. ಎಲ್ಲರ ಪಾಸ್‌ಪೋರ್ಟ್ ಕಲೆಕ್ಟ್ ಮಾಡಿ ಅಂತ ಆರ್ಡರ್ ಆಗತ್ತೆ. ಅಮೆರಿಕದವರು ಯಾರು ಅಂತ ಹುಡುಕೋಕೇ ಅದು, ಅದನ್ನ ಕಲೆಕ್ಟ್ ಮಾಡೋ ಗಗನಸಖಿ ಹುಡುಗೀರಿಗೂ ಅದು ಗೊತ್ತು. ಚೀಲ ಹಿಡ್ಕೊಂಡು ಸೀಟಿಂದ ಸೀಟಿಗೆ ಹೋಗ್ತಾರೆ, ಅಮೆರಿಕದ್ದು ಅಂತ ಕಂಡ ತಕ್ಷಣ ಅದು ಚೀಲಕ್ಕೆ ಬೀಳಲ್ಲ, ಸೀಟಿನ ಕೆಳಗೆ ಹೋಗತ್ತೆ, ಕಾಲಲ್ಲಿ ಒಳಕ್ಕೆ ತಳ್ತಾರೆ, ಹಿಂದೆ ಬಂದೂಕಿನವನು ನಿಂತಿದಾನೆ, ಮುಖದಲ್ಲಿ ಮಾತ್ರ ಕಾಫಿ ಬೇಕಾ ಟೀ ಬೇಕಾ ಅಂತ ಕೇಳೋವಾಗ ಇರೋ ಅದೇ ಶಾಂತಿ. ನಿಜವಾಗ್ಲೂ ಹೀಗೇ ನಡೆದಿದ್ದು ಇದು, ಕೆಲವು ಪಾಸ್‌ಪೋರ್ಟನ್ನ ಕಸದ ಡಬ್ಬಿಗೂ ಹಾಕಿದ್ರು. ವಿಮಾನದಲ್ಲಿ 40ಕ್ಕೂ ಹೆಚ್ಚು ಅಮೆರಿಕನ್ನರಿದ್ರು, ಸತ್ತವರು ಇಬ್ಬರು. ಕೊನೆ ಗೊತ್ತಿದ್ರೂ ಆ ಸೀನಲ್ಲಿ ಉಸಿರು ಬಿಗಿ ಹಿಡ್ಕೊಂಡೇ ಕೂತಿದ್ದೆ, ಥಿಯೇಟರಲ್ಲಿ ಪಕ್ಕದ ಸೀಟಿನ ವಯಸ್ಸಾದ ಅಮ್ಮ ಒಬ್ರು ಪಾಪ್‌ಕಾರ್ನ್ ಪೊಟ್ಟಣನ ಎರಡೂ ಕೈಲಿ ಹಿಸುಕಿ ಹಿಡ್ಕೊಂಡಿದ್ರು, ಸೀನ್ ಮುಗಿದ ಮೇಲೂ ಬಿಡ್ಲಿಲ್ಲ. ಒತ್ತೆಯಾಳುಗಳ ಸಿನಿಮಾದಲ್ಲಿ ನಾನು ಮೊದಲು ನೋಡೋದು ಇದನ್ನೇ, ಬಂದೂಕು ಹಿಡಿದವನು ಏನ್ ಮಾಡ್ತಾನೆ ಅನ್ನೋದಲ್ಲ, ಸುಮ್ಮನೆ ಕೂತಿರೋರು ಕೂತಲ್ಲೇ ಏನ್ ಮಾಡ್ತಾರೆ ಅನ್ನೋದು.

“ಪೈಲಟ್‌ಗಳು ಪ್ರಯಾಣಿಕರನ್ನ ಬಿಟ್ಟು ಓಡಿಹೋದ್ರಲ್ಲ, ಸಿನಿಮಾ ಅವರನ್ನ ಒಂದು ಮಾತೂ ಬೈಯ್ಯದೆ ಬಿಟ್ಟುಬಿಡ್ತು. ನಂಗಂತೂ ಮೈ ಉರಿದುಹೋಯ್ತು.” – ಓದುಗರು, ಮಂಗಳೂರು

ಅತಿ ಹೆಚ್ಚು ಪತ್ರ ಬಂದಿದ್ದು ಇದರ ಬಗ್ಗೆನೇ. ನಿಮ್ಮ ಸಿಟ್ಟು ಅರ್ಥ ಆಗತ್ತೆ, ಮೊದಲ ಸಲ ನೋಡಿದಾಗ ನಂಗೂ ಹಾಗೇ ಅನ್ಸಿತ್ತು, ಕ್ಯಾಪ್ಟನ್ ಅಂದ್ರೆ ಕೊನೇಲಿ ಇಳಿಯೋನು ಅಂತಾನೇ ನಮ್ಮ ತಲೇಲಿ ಕೂತಿದೆ.

ಆದ್ರೆ ಅವತ್ತಿನ ಲೆಕ್ಕ ನೋಡಿ. ಅದು ಬೋಯಿಂಗ್ 747, ಅದರ ಕಾಕ್‌ಪಿಟ್ ಇರೋದು ಮೇಲಿನ ಮಹಡಿಯಲ್ಲಿ, ಹಾಗಾಗಿ ನುಗ್ಗಿದವರಿಗೆ ಅಲ್ಲಿಗೆ ಹೋಗೋಕೆ ಸ್ವಲ್ಪ ಟೈಮ್ ಹಿಡೀತು. ಅಷ್ಟರಲ್ಲಿ ಸಿಬ್ಬಂದಿ ಅಪಾಯದ ಸೂಚನೆ ಕೊಟ್ರು, ಕ್ಯಾಪ್ಟನ್, ಕೋ-ಪೈಲಟ್, ಫ್ಲೈಟ್ ಎಂಜಿನಿಯರ್ ಮೂರೂ ಜನ ಕಾಕ್‌ಪಿಟ್ ಚಾವಣಿಯ ತುರ್ತು ಕಿಂಡಿಯಿಂದ ಹೊರಗೆ ಬಂದು ಕೆಳಗಿಳಿದುಬಿಟ್ರು. ಆ ಕಿಂಡಿ ಇಟ್ಟಿರೋದೇ ತುರ್ತು ಸಮಯಕ್ಕೆ. ಅಪಹರಣಕಾರರಿಗೆ ಬೇಕಾಗಿದ್ದು ವಿಮಾನನ ಸೈಪ್ರಸ್‌ಗೆ ಹಾರಿಸ್ಕೊಂಡು ಹೋಗೋದು. ಹಾರಿಸೋರೇ ಇಲ್ಲ ಅಂದ್ಮೇಲೆ ವಿಮಾನ ನೆಲದ ಮೇಲೆ ನಿಂತ ಕಡೆನೇ ನಿಲ್ತು. ಅದು ಗಾಳಿಗೆ ಏರಿದ್ದಿದ್ರೆ ಏನೇನಾಗ್ತಿತ್ತೋ ಯೋಚ್ನೆ ಮಾಡೋಕೂ ಭಯ ಆಗತ್ತೆ.

ಬದುಕುಳಿದ ಸಿಬ್ಬಂದಿಯಲ್ಲಿ ಕೆಲವರು 2016ರಲ್ಲಿ ಬಿಬಿಸಿ ಜೊತೆ ಮಾತಾಡಿದ್ರು. ಅವರಲ್ಲಿ ಒಬ್ಬಳನ್ನ ಬಂದೂಕಿನವನು ಕಾಕ್‌ಪಿಟ್‌ಗೆ ಕರ್ಕೊಂಡು ಹೋಗಿದ್ದ, ಅಲ್ಲಿ ಕಿಂಡಿ ಬಳಸಿರೋದು ಅವಳ ಕಣ್ಣಿಗೆ ಬಿತ್ತು, ಆದ್ರೂ ಏನೂ ಕಾಣ್ಲಿಲ್ಲ ಅನ್ನೋ ಹಾಗೆ ಇದ್ದುಬಿಟ್ಟಳಂತೆ, ಇಳಿತಿರೋರಿಗೆ ಸ್ವಲ್ಪ ಸಮಯ ಸಿಗ್ಲಿ ಅಂತ. ಹಿಂದೆ ಉಳಿದವಳೇ ಅವರು ಹೋಗ್ಲಿ ಅಂತ ಬಯಸಿದ್ಲು ಅಂದ್ಮೇಲೆ ಸೀಟಲ್ಲಿ ಕೂತು ಸಿನಿಮಾ ನೋಡಿದ ನಾನು ಅವರನ್ನ ಹೇಡಿಗಳು ಅನ್ನೋಕೆ ಬಾಯಿ ಬರಲ್ಲ. ಸಿನಿಮಾ ಅವರನ್ನ ಬೈಯ್ಯದೆ ಇದ್ದಿದ್ದು ಸರಿ. ಆದ್ರೆ ಯಾಕೆ ಹೋದ್ರು ಅನ್ನೋದನ್ನ ಇನ್ನೊಂದೆರಡು ಮಾತಲ್ಲಿ ಬಿಡಿಸಿ ಹೇಳಿದ್ದಿದ್ರೆ ಇಷ್ಟು ಜನರಿಗೆ ಮೈ ಉರೀತಿರ್ಲಿಲ್ಲ ಅನ್ನೋದನ್ನ ಒಪ್ತೀನಿ.

“ವಿಮಾನದೊಳಗೆ ಟೆನ್ಷನ್ ಏರ್ತಾ ಇರೋವಾಗ ನಡುನಡುವೆ ಗಂಡನ ಮನೆ ಫ್ಲ್ಯಾಶ್‌ಬ್ಯಾಕ್, ಕೊನೇಲಿ ತಾಯಿಯ ಅಷ್ಟುದ್ದ ಭಾಷಣ. ಬೇಕಂತಲೇ ಅಳಿಸೋಕೆ ಮಾಡಿದ ಹಾಗಿತ್ತು.” – ಓದುಗಿ, ಮೈಸೂರು

ಭಾಷಣ ಉದ್ದ ಆಯ್ತು, ಹೌದು. ಶಬಾನಾ ಆಜ್ಮಿ ಅಂಥ ಕಲಾವಿದೆಗೆ ಅಷ್ಟು ಮಾತು ಬೇಕಿರ್ಲಿಲ್ಲ, ಮನೇಲಿ ಫೋನಿಗೆ ಕಾಯೋ ಸೀನ್‌ಗಳಲ್ಲಿ ಅವರು ಬರೀ ಕಣ್ಣಲ್ಲೇ ಎಲ್ಲಾ ಹೇಳಿಬಿಟ್ಟಿರ್ತಾರೆ. ಆದ್ರೂ ಅದನ್ನ ಕತ್ತರಿಸಿ ಅನ್ನೋಕೆ ನಂಗೆ ಮನಸ್ಸು ಬರಲ್ಲ. ನೀರ್ಜಾಳ ನಿಜವಾದ ತಾಯಿ ರಮಾ ಭಾನೋಟ್ 2015ರ ಡಿಸೆಂಬರಲ್ಲಿ ತೀರಿಕೊಂಡ್ರು, ಸಿನಿಮಾ ಬಂದಿದ್ದು 2016ರ ಫೆಬ್ರವರಿ 19ಕ್ಕೆ. ಮಗಳ ಕಥೆ ತೆರೆ ಮೇಲೆ ಬರೋದನ್ನ ನೋಡೋಕೆ ಎರಡು ತಿಂಗಳಷ್ಟೇ ಬಾಕಿ ಇತ್ತು. ಆ ಭಾಷಣ ಕೇಳೋವಾಗ ಇದೇ ತಲೇಲಿ ಓಡ್ತಿರತ್ತೆ ನಂಗೆ.

ಫ್ಲ್ಯಾಶ್‌ಬ್ಯಾಕ್ ವಿಷಯಕ್ಕೆ ಮಾತ್ರ ನಾನು ನಿಮ್ಮ ಜೊತೆ ಪೂರ್ತಿ ಜಗಳ ಆಡ್ತೀನಿ. ಆ ಹುಡುಗಿ ಮದುವೆಯಾಗಿ ಗಲ್ಫ್‌ಗೆ ಹೋಗಿ ವರದಕ್ಷಿಣೆ ಕಾಟ ತಡೀಲಾರದೆ ಎರಡೇ ತಿಂಗಳಲ್ಲಿ ತವರಿಗೆ ವಾಪಸ್ ಬಂದವಳು. ಬೇರೆಯವರ ಮರ್ಜಿಗೆ ಸಿಕ್ಕಿ, ಯಾವಾಗ ಏನಂತಾರೋ ಅಂತ ಉಸಿರು ಹಿಡ್ಕೊಂಡು ಬದುಕೋದು ಅವಳಿಗೆ ಆ ವಿಮಾನದಲ್ಲಿ ಮೊದಲ ಸಲ ಆಗಿದ್ದಲ್ಲ. ಡೈರೆಕ್ಟರ್ ರಾಮ್ ಮಾಧ್ವಾನಿ ಗಂಡನ ಮನೆಯನ್ನೂ ವಿಮಾನವನ್ನೂ ಪಕ್ಕಪಕ್ಕ ಇಟ್ಟಿದ್ದು ಅದಕ್ಕೇ ಅಂತ ನಂಗನ್ಸತ್ತೆ. ಅಲ್ಲಿಂದ ಒಂದ್ಸಲ ಹೊರಗೆ ಬಂದವಳು ಇಲ್ಲಿ ಬಾಗಿಲು ತೆಗೆದು ಮೊದಲು ಬೇರೆಯವರನ್ನ ಹೊರಗೆ ಕಳಿಸ್ತಾಳೆ. ಆಮೇಲೆ ಅವಳ ಮನೆಯವರು ಅವಳ ಸಾವಿನ ನಂತರ ಬಂದ ಹಣದಲ್ಲಿ ಟ್ರಸ್ಟ್ ಮಾಡಿ, ಇಂಥದ್ದೇ ಅನ್ಯಾಯ ಎದುರಿಸಿ ನಿಂತ ಹೆಂಗಸರಿಗೆ ಪ್ರಶಸ್ತಿ ಕೊಡೋಕೆ ಶುರು ಮಾಡಿದ್ರು. ಆ ಫ್ಲ್ಯಾಶ್‌ಬ್ಯಾಕ್ ತೆಗೆದ್ರೆ ಉಳಿಯೋದು ಬರೀ ಹೈಜಾಕ್ ಕಥೆ, ನೀರ್ಜಾ ಕಥೆ ಅಲ್ಲ.

“ಎಲ್ಲಾ ಅವಳೊಬ್ಬಳೇ ಮಾಡಿದ ಹಾಗೆ ತೋರ್ಸಿದಾರೆ, ಉಳಿದ ಸಿಬ್ಬಂದಿ ಏನ್ ಮಾಡ್ತಿದ್ರು?” – ಓದುಗರು, ಪುಣೆ

ಇದು ನಿಜವಾದ ತಪ್ಪು, ಇದಕ್ಕೆ ನನ್ಹತ್ರ ಸಮರ್ಥನೆ ಇಲ್ಲ. ಪಾಸ್‌ಪೋರ್ಟ್ ಮುಚ್ಚಿಟ್ಟಿದ್ದು ಒಬ್ಬಳ ಕೈ ಅಲ್ಲ, ಬಾಗಿಲು ತೆಗೆದಿದ್ದು ಒಬ್ಬರೇ ಅಲ್ಲ. ಅವತ್ತು ವಿಮಾನದ ಜನರೇಟರ್ ಕೈಕೊಟ್ಟು ದೀಪ ಆರಿ ಕತ್ತಲಾಗಿದ್ದೇ ತಡ ಗುಂಡು ಶುರುವಾಯ್ತು, ಆ ಕತ್ತಲಲ್ಲೂ ಜನರನ್ನ ಹೊರಗೆ ತಳ್ಳಿ ಬದುಕಿಸಿದ ಹುಡುಗೀರು ಇನ್ನೂ ಇದ್ರು. ಹೆಸರೇ ‘ನೀರ್ಜಾ’ ಅಂತ ಇಟ್ಟ ಮೇಲೆ ಕ್ಯಾಮೆರಾ ಅವಳ ಹಿಂದೆನೇ ಹೋಗತ್ತೆ ಸರಿ, ಅಶೋಕ ಚಕ್ರ ಬಂದಿದ್ದೂ ಅವಳಿಗೇ, ಆದ್ರೆ ಉಳಿದವರ ಮುಖಕ್ಕೆ ಹತ್ತು ನಿಮಿಷ ಕೊಟ್ಟಿದ್ರೆ ಅವಳ ದೊಡ್ಡತನ ಏನೂ ಕಮ್ಮಿ ಆಗ್ತಿರ್ಲಿಲ್ಲ.

“ಜಿಮ್ ಸರ್ಭ್ ಮಾಡಿದ ವಿಲನ್ ಓವರ್ ಆಯ್ತಲ್ವಾ?” – ಓದುಗರು, ತುಮಕೂರು

ಇಲ್ಲ. ಯಾವಾಗ ಗುಂಡು ಹಾರಿಸ್ತಾನೋ ಅವನಿಗೇ ಗೊತ್ತಿಲ್ದೇ ಇರೋ ಥರ ಮಾಡಿದಾನೆ, ಹೆದರಿಕೆ ಆಗೋದು ಅದಕ್ಕೇ.

“ನಮ್ಮ ಕನ್ನಡದಲ್ಲಿ ಇಂಥ ಸಿನಿಮಾನೇ ಇಲ್ವಾ?” – ಓದುಗರು, ಶಿವಮೊಗ್ಗ

ಇಲ್ದೇ ಏನು, ಸುನಿಲ್ ಕುಮಾರ್ ದೇಸಾಯಿ ಅವರ ‘ನಿಷ್ಕರ್ಷ’ ಇದ್ಯಲ್ಲ! ಬ್ಯಾಂಕಿಗೆ ನುಗ್ಗಿದ ದರೋಡೆಕೋರರು, ಒಳಗೆ ಸಿಕ್ಕಿಬಿದ್ದ ಜನ, ವಿಷ್ಣುವರ್ಧನ್ ಕಮಾಂಡೋ, ಜೊತೆಗೆ ಅನಂತ್ ನಾಗ್. ಒಂದೇ ಒಂದು ಹಾಡಿಲ್ಲ. ತೊಂಬತ್ತರ ದಶಕದಲ್ಲಿ ಸ್ಟಾರ್ ಸಿನಿಮಾಗೆ ಹಾಡಿಲ್ಲ ಅಂದ್ರೆ ಎಂಥ ಧೈರ್ಯ ಬೇಕು ನೋಡಿ, ಆದ್ರೆ ಮೊದಲೇ ಮಾಡಿದ್ದ ‘ತರ್ಕ’ ಸಿನಿಮಾದಲ್ಲೇ ಹಾಡಿಲ್ದೇ ಗೆದ್ದಿದ್ದ ದೇಸಾಯಿಗೆ ಅದು ಹೊಸದಾಗಿರ್ಲಿಲ್ಲ. ದರೋಡೆಕೋರರ ಲೀಡರ್ ಆಗಿದ್ದು ಬಿ.ಸಿ. ಪಾಟೀಲ್, ಅವರೇ ನಿರ್ಮಾಪಕ, ಅದಕ್ಕೂ ಮುಂಚೆ ನಿಜವಾದ ಪೊಲೀಸ್ ಅಧಿಕಾರಿ. ‘ನೀರ್ಜಾ’ಕ್ಕೂ ಇದಕ್ಕೂ ರುಚಿ ಬೇರೆ, ಇಲ್ಲಿ ಕಾಯೋದು ಹೀರೋ ಯಾವಾಗ ಬರ್ತಾನೆ ಅಂತ, ಅಲ್ಲಿ ಯಾರೂ ಬರಲ್ಲ. ಹುಬ್ಬಳ್ಳಿಯವರು ಕೇಳಿದ ಥ್ರಿಲ್ ಅವರಿಗೆ ಇದ್ರಲ್ಲಿ ಖಂಡಿತ ಸಿಗತ್ತೆ.

“ಎಂಟು ವರ್ಷದ ಮಗಳ ಜೊತೆ ‘ನೀರ್ಜಾ’ ನೋಡಬಹುದಾ?” – ಓದುಗಿ, ದಾವಣಗೆರೆ

ಈಗಲೇ ಬೇಡ ಅಂತೀನಿ. ಪ್ರಯಾಣಿಕನೊಬ್ಬನನ್ನ ಬಾಗಿಲ ಹತ್ರ ನಿಲ್ಲಿಸಿ ತಲೆಗೆ ಗುಂಡು ಹೊಡೆದು ಕೆಳಗೆ ತಳ್ತಾರೆ, ದೊಡ್ಡವರಿಗೇ ಅದು ರಾತ್ರಿ ಕಾಡತ್ತೆ. ಇನ್ನೊಂದು ನಾಲ್ಕೈದು ವರ್ಷ ಹೋಗ್ಲಿ. ಅಲ್ಲೀವರೆಗೆ ಕಥೆನ ನೀವೇ ಬಾಯಲ್ಲಿ ಹೇಳಿ, ಪಾಸ್‌ಪೋರ್ಟ್ ಬಚ್ಚಿಟ್ಟ ಭಾಗ ಅವಳಿಗೆ ತುಂಬಾ ಇಷ್ಟ ಆಗತ್ತೆ.